ಕಾರಿನ ಮೈಲೇಜು, ಅಕ್ಕನ ದಿಂಬು

ನಮ್ಮ ತುಮಕೂರಿನಲ್ಲಿ ಕಾರು ತಂದವನನ್ನು ಯಾರೂ ಅದರ ಅಂದಚೆಂದ ಕೇಳುವುದಿಲ್ಲ. "ಎಷ್ಟು ಕೊಡುತ್ತೆ?" ಎನ್ನುತ್ತಾರೆ, ಎಮ್ಮೆಯ ಹಾಲು ವಿಚಾರಿಸುವವರ ಹಾಗೆ. ಸೆಕೆಂಡ್‌ಹ್ಯಾಂಡ್ ಹೈಬ್ರಿಡ್ ಕಾರೊಂದನ್ನು ಕೊಂಡಾಗ, ಈ ಪ್ರಶ್ನೆಗೆ ಉತ್ತರ ಹೇಳುವ ಸುಖಕ್ಕಾಗಿಯೇ ನಾನು ಸದಾಶಿವನಗರದ ನಮ್ಮ ಬೀದಿಯಲ್ಲಿ ಅದನ್ನು ಬೇಕೆಂದೇ ನಿಧಾನವಾಗಿ ತೊಳೆಯುತ್ತಿದ್ದೆ. ಪೆಟ್ರೋಲ್ ಎಂಜಿನ್ನೂ ಬ್ಯಾಟರಿಯೂ ಕೂಡಿ ಸಂಸಾರ ಮಾಡುವ ಗಾಡಿ ಅದು. ಬ್ರೇಕ್ ಒತ್ತಿದರೆ ಬ್ಯಾಟರಿ ತುಂಬಿಕೊಳ್ಳುತ್ತದೆ. ನಿಧಾನಕ್ಕೆ ಹೋಗುವಾಗ ಎಂಜಿನ್ ಬಾಯಿ ಮುಚ್ಚಿಕೊಂಡು ಬ್ಯಾಟರಿಗೆ ಕೆಲಸ ಬಿಟ್ಟುಕೊಡುತ್ತದೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ನನಗೆ, ಮಿತವ್ಯಯದ ಪಾಠವೇ ಚಕ್ರ ಕಟ್ಟಿಕೊಂಡು ಬಂದಂತೆ ಕಾಣುತ್ತಿತ್ತು.

ಕಾರಿಗೆ ಒಂದು ಮುಖ್ಯ ಕೆಲಸವೂ ಇತ್ತು. ಕುಣಿಗಲ್ಲಿನಲ್ಲಿ ಮಗ ಸೊಸೆಯ ಜೊತೆ ಇರುವ ನನ್ನ ಅಕ್ಕ ನಾಗಮಣಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸೋತಿದ್ದವು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ತಾನೇ ಕಾರು ಓಡಿಸಿಕೊಂಡು ಊರೆಲ್ಲ ತಿರುಗುತ್ತಿದ್ದವಳು. ಕಾಯಿಲೆ ಬಿದ್ದ ತಿಂಗಳೊಳಗೆ ಆ ಕಾರನ್ನು ಮಾರಿಸಿಬಿಟ್ಟಳು. ಕಣ್ಣೆದುರು ಇದ್ದರೆ ಹೊಟ್ಟೆ ಉರಿಯುತ್ತದೆ ಎಂದಳು. ಮಗ ಸೊಸೆ ಇಬ್ಬರಿಗೂ ಬಿಡುವಿಲ್ಲದ ಕೆಲಸ. ಹಾಗಾಗಿ ವಾರಕ್ಕೆರಡು ಸಲ ಅವಳನ್ನು ತುಮಕೂರಿಗೆ ಫಿಸಿಯೋಥೆರಪಿಗೆ ಕರೆತರುವುದು ನನ್ನ ಪಾಲಿಗೆ ಬಂತು. ಹಿಂದಿನ ಸೀಟಿನಲ್ಲಿ, ಎಡಗೈಗೆ ಆಸರೆಯಾಗಿ ಮನೆಯಲ್ಲೇ ಹೊಲಿದ ಬೂರುಗದ ಹತ್ತಿಯ ದಿಂಬು ಇಟ್ಟುಕೊಂಡು ಅವಳು ಕೂರುತ್ತಿದ್ದಳು.

ಹೀಗಿರುವಾಗ ಮೈಲೇಜು ಇಳಿಯತೊಡಗಿತು. ಮೊದಲು ನಾನು ಪೆಟ್ರೋಲ್ ಬಂಕನ್ನು ಅನುಮಾನಿಸಿ ಬೇರೆ ಬಂಕಿಗೆ ಹೋದೆ. ಆಮೇಲೆ ಟೈರಿಗೆ ಗಾಳಿ ಹೊಡೆಸಿದೆ, ಏರ್ ಫಿಲ್ಟರ್ ಬದಲಾಯಿಸಿದೆ. ಡಿಕ್ಕಿ ತೆರೆದರೆ ನನ್ನ ಹೆಂಡತಿ ವಿಮಲಾಳ ಗುಬ್ಬಿಯ ತವರಿನಿಂದ ಬಂದ ತೆಂಗಿನಕಾಯಿ ಮೂಟೆ ಹಾಯಾಗಿ ಮಲಗಿತ್ತು. ಕಳ್ಳ ಸಿಕ್ಕಿಬಿದ್ದನೆಂದು ಸಂಭ್ರಮದಿಂದ ಇಳಿಸಿದೆ. ಮೈಲೇಜು ಕದಲಲಿಲ್ಲ. ಎಸಿ ನಿಲ್ಲಿಸಿಯೂ ಓಡಿಸಿದೆ.

"ಏನ್ಲಾ ಇದು," ಎಂದಳು ಅಕ್ಕ ಹಿಂದಿನಿಂದ, "ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಿದೀಯೋ, ಇಡ್ಲಿ ಥರ ಬೇಯಿಸ್ತಿದೀಯೋ?"

ಎಸಿ ಹಾಕಿದೆ. ಅಕ್ಕನ ತೂಕದ ಬಗ್ಗೆಯೂ ಒಂದು ಅನುಮಾನ ತಲೆಯಲ್ಲಿ ಸುಳಿದಿತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ಧೈರ್ಯಶಾಲಿ ನಾನಲ್ಲ.

ಕೊನೆಗೆ ದೊಡ್ಡದೊಂದು ವರ್ಕ್‌ಶಾಪಿನಲ್ಲಿ ತೋರಿಸಿದೆ. ಬ್ಯಾಟರಿಗೆ ವಯಸ್ಸಾಗಿದೆ, ಬದಲಾಯಿಸಬೇಕಾಗಬಹುದು ಎಂದರು. ಹಳೆಯ ಕಾರಿಗೆ ಹೊಸ ಬ್ಯಾಟರಿ ಹಾಕಿಸುವುದಕ್ಕಿಂತ ಕಾರನ್ನೇ ಕೊಟ್ಟುಬಿಡುವುದು ವಾಸಿ ಎಂದು ವಿಮಲಾಳ ಹತ್ತಿರ ಹೇಳುತ್ತಿದ್ದೆ. ಥೆರಪಿ ಮುಗಿಸಿ ನಮ್ಮ ಮನೆಯ ಹಾಲಿನಲ್ಲಿ ಕಾಫಿ ಕುಡಿಯುತ್ತಿದ್ದ ಅಕ್ಕನ ಕಿವಿಗೆ ಅದು ಬಿತ್ತು.

"ನೋಡೋ," ಎಂದಳು, "ಕೈ ಬಂದಷ್ಟು ಬಂತು. ಇನ್ ಸಾಕು ಬುಡು. ನಂಗೋಸ್ಕರ ಆ ಗಾಡಿನ ತೇಯ್ಬೇಡ."

"ಹಂಗಲ್ಲ ಅಕ್ಕಾ..."

"ಹಂಗೇ ಕಣೋ. ಆ ಥೆರಪಿ ಡಾಕ್ಟ್ರಮ್ಮ ಆರು ತಿಂಗಳಿಂದ ಎಡಗೈ ಎತ್ತಿ ಎತ್ತಿ ಅಂತವ್ಳೆ. ಅದಕ್ಕೇ ಬರೋ ಮನಸ್ಸಿಲ್ಲ."

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ಹೆದರುತ್ತಿರಲಿಲ್ಲ. ಸಿಟ್ಟೇ ಇರಲಿಲ್ಲ. ವಿಮಲಾ ನನ್ನ ಮುಖ ನೋಡಿದಳು. ನಾನು ಕಾರಿನ ಕೀಲಿ ತೆಗೆದುಕೊಂಡೆ.

ವಾಪಸು ಕುಣಿಗಲ್ಲಿಗೆ ಹೊರಟೆವು. ಹೆಬ್ಬೂರು ದಾಟಿದ ಮೇಲೆ ಅಕ್ಕ ಹಿಂದಿನಿಂದ ಹೇಳಿದಳು: "ಈ ಕಾರು ನನ್ನ ಕಿವಿ ಹತ್ರ ಗೊರಕೆ ಹೊಡೀತದಲ್ಲೋ. ದಿಂಬೂ ಬಿಸಿ ಆಗ್ಬಿಟ್ಟದೆ."

ಮುಂದೆ ಕೂರುವ ನನಗೆ ಆ ಸದ್ದು ಕೇಳಿಯೇ ಇರಲಿಲ್ಲ. ಹುಣಸೆಮರದ ನೆರಳಿನಲ್ಲಿ ನಿಲ್ಲಿಸಿ ದಿಂಬು ಎತ್ತಿದೆ. ಅದರ ಹಿಂದೆ, ಸೀಟಿನ ಪಕ್ಕದಲ್ಲಿ, ಒಂದು ಜಾಲರಿ. ಅದರ ಕಿಂಡಿಗಳಲ್ಲೆಲ್ಲ ಬಿಳಿಯ ಹತ್ತಿ ಕಂಬಳಿಯಂತೆ ಮೆತ್ತಿಕೊಂಡಿತ್ತು. ದಿಂಬಿನ ಮೂಲೆಯ ಹೊಲಿಗೆ ಬಿಚ್ಚಿಹೋಗಿತ್ತು.

ಮರುದಿನ ತುಮಕೂರಿನ ಶಿರಾ ಗೇಟಿನಲ್ಲಿ, ನನ್ನ ಸ್ಕೂಟರನ್ನು ಬಹಳ ಕಾಲದಿಂದ ರಿಪೇರಿ ಮಾಡುತ್ತಿರುವ ನಯಾಜ್ ಆ ಜಾಲರಿ ಬಿಚ್ಚಿದ. ಒಳಗಿನ ಫ್ಯಾನಿಗೂ ಹತ್ತಿ ಸುತ್ತಿಕೊಂಡಿತ್ತು. ಬ್ಯಾಟರಿ ತಂಪಾಗಲು ಗಾಳಿ ಎಳೆದುಕೊಳ್ಳುವುದು ಅಲ್ಲಿಂದಲೇ. ಗಾಳಿ ಇಲ್ಲದೆ ಅದು ಬಿಸಿಯೇರಿ ಕೂತಿರಬೇಕು, ಅದರ ಪಾಲಿನ ಕೆಲಸವನ್ನೆಲ್ಲ ಎಂಜಿನ್ನೇ ಎಳೆದಿರಬೇಕು.

"ಬ್ಯಾಟರಿಗೆ ಹಾಸಿಗೆ ಹಾಸ್ಕೊಟ್ಟಿದೀರಲ್ಲ ಸಾರ್!" ಎಂದು ಅವನು ನಕ್ಕ. ಬ್ರಷ್ಷಿನಿಂದ ಎಲ್ಲವನ್ನೂ ಬಿಡಿಸಿ ತೆಗೆದ ಮೇಲೆ, "ಬ್ಯಾಟರಿ ಒಳಗಡೆ ಕೆಟ್ಟಿದ್ಯೋ ಇಲ್ವೋ ನಂಗ್ ಗೊತ್ತಾಗಲ್ಲ. ಓಡ್ಸಿ ನೋಡಿ" ಎಂದ.

ಓಡಿಸಿ ನೋಡಿದೆ. ಒಂದು ವಾರ ನಂಬಲಿಲ್ಲ, ಎರಡನೆಯ ವಾರ ವಿಮಲಾಳಿಗೆ ಹೇಳಿದೆ. ಮೈಲೇಜು ಮೊದಲಿನಷ್ಟೇ ಬಂತೆಂದರೆ ಸುಳ್ಳಾಗುತ್ತದೆ, ಕಾರಿಗೂ ವಯಸ್ಸಾಗಿದೆ. ಆದರೆ ಮಾರುವ ಮಾತು ನಿಂತಿತು. ಕುಣಿಗಲ್ಲಿಗೆ ಹೋಗಿ ಅಕ್ಕನಿಗೆ ವಿಷಯ ಹೇಳಿದೆ.

"ಹಂಗಾದ್ರೆ ಕಳ್ಳಿ ನಾನೇ ಅನ್ನು!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕ ಹುರುಪಿನಲ್ಲೇ ಥೆರಪಿಗೆ ಹೊರಟು, ದಿಂಬು ಬಿಟ್ಟು, ಕಾರಿನ ಬಾಗಿಲು ಹಿಡಿದುಕೊಂಡು, ಮುಂದಿನ ಸೀಟಿನಲ್ಲಿ ಕೂತಳು.

ಮುಂದೆ ಕೂತವಳು ದಾರಿ ನೋಡಲಿಲ್ಲ, ನನ್ನ ಕಾಲು ನೋಡುತ್ತಿದ್ದಳು. "ಏನೋ, ನಿನ್ ಎಡಗಾಲು ಸುಮ್ನೆ ಬಿದ್ದದಲ್ಲೋ?"

"ಇದು ಆಟೋಮ್ಯಾಟಿಕ್ ಅಲ್ವಾ ಅಕ್ಕಾ. ಕ್ಲಚ್ಚೇ ಇಲ್ಲ. ಎಡಗಾಲಿಗೆ ಕೆಲಸ ಇಲ್ಲ."

ಅವಳು ತನ್ನ ಎಡಗಾಲನ್ನೊಮ್ಮೆ ನೋಡಿಕೊಂಡಳು. ತುಮಕೂರು ಹತ್ತಿರವಾದಾಗ, "ಡಾಕ್ಟ್ರುನ್ನ ಒಂದ್ ಮಾತು ಕೇಳಾಣ್ವಾ?" ಎಂದಳು. ಈ ಕಾರನ್ನು ತಾನು ಓಡಿಸಬಹುದೇ ಎಂಬುದೇ ಆ ಮಾತು.

ಡಾಕ್ಟರು ಕಣ್ಣು, ಕೈಕಾಲು ಎಲ್ಲ ಪರೀಕ್ಷಿಸಿ, ರಸ್ತೆಗೆ ಈಗಲೇ ಬೇಡ, ಖಾಲಿ ಜಾಗದಲ್ಲಿ ಪಕ್ಕದಲ್ಲೊಬ್ಬರನ್ನು ಕೂರಿಸಿಕೊಂಡು ನೋಡಿ ಎಂದರು. ಖಾಲಿ ಜಾಗ ಹುಡುಕಿದವಳು ವಿಮಲಾ. ಅವಳ ತವರಿನ ಪಕ್ಕದಲ್ಲಿ, ಗುಬ್ಬಿಯಲ್ಲಿ, ರಸ್ತೆ, ಚರಂಡಿ, ದೀಪದ ಕಂಬ ಎಲ್ಲ ಆಗಿ ಮನೆಗಳು ಮಾತ್ರ ಬಾರದ ಹೊಸ ಬಡಾವಣೆಯೊಂದಿದೆ.

ಭಾನುವಾರ ಬೆಳಿಗ್ಗೆ ಅಕ್ಕ ಸ್ಟಿಯರಿಂಗ್ ಮುಂದೆ ಕೂತಳು. ಬಲಗೈ ಮಾತ್ರ ಚಕ್ರದ ಮೇಲೆ. ಎಡಗೈ ತೊಡೆಯ ಮೇಲೆ ಎಂದಿನಂತೆ ಮುದುಡಿಕೊಂಡಿತ್ತು. ಕಾರು ಸದ್ದಿಲ್ಲದೆ ಕದಲಿತು. ನನ್ನ ಕೈ ಹ್ಯಾಂಡ್‌ಬ್ರೇಕಿನ ಮೇಲಿತ್ತು, ಬಾಯಿ ಸುಮ್ಮನಿರಲಿಲ್ಲ.

"ನಿಧಾನ ಅಕ್ಕಾ, ಬಲಕ್ಕೆ, ಸ್ವಲ್ಪ ಬಲಕ್ಕೆ..."

"ನಿಂಗೆ ಮಗ್ಗಿ ಕಲಿಸ್ದೋಳು ನಾನು. ಬಾಯಿ ಮುಚ್ಕೊಂಡ್ ಕೂತ್ಕೊ."

ಬಡಾವಣೆಯ ಕೊನೆಯ ತಿರುವಿನಲ್ಲಿ ಒಂದು ಹಸು ಅಡ್ಡ ಬಂತು. ಅಕ್ಕ ಬ್ರೇಕ್ ಒತ್ತಿ ಚಕ್ರ ತಿರುಗಿಸಿದಳು. ಆಗ ಅವಳ ಎಡಗೈ ತೊಡೆಯಿಂದ ಎದ್ದು ಬಂದು, ನಡುಗುತ್ತ, ಸ್ಟಿಯರಿಂಗನ್ನು ಹಿಡಿದುಕೊಂಡಿತು. ಯಾರೂ ಎತ್ತು ಎಂದಿರಲಿಲ್ಲ. ಹಸುವನ್ನು ಬೈಯುವ ಗಡಿಬಿಡಿಯಲ್ಲಿ ಅವಳಿಗೇ ಅದು ಗೊತ್ತಾಗಲಿಲ್ಲ.

ಹಿಂದಿನ ಸೀಟಿನಿಂದ ವಿಮಲಾ ನನ್ನ ಭುಜ ಮೆಲ್ಲಗೆ ಒತ್ತಿದಳು. ಅರ್ಥಶಾಸ್ತ್ರದಲ್ಲಿ ಉಳಿತಾಯದ ಬಗ್ಗೆ ಎಷ್ಟೋ ಪಾಠ ಮಾಡಿದ್ದೇನೆ. ಅಂದು ಮೊದಲ ಬಾರಿಗೆ, ನಾಲಿಗೆಯ ತುದಿಗೆ ಬಂದ ಮಾತನ್ನು ಉಳಿಸಿಕೊಂಡೆ. ಅಕ್ಕ ಎರಡೂ ಕೈಯಲ್ಲಿ ತಿರುವು ಮುಗಿಸಲಿ ಎಂದು ಸುಮ್ಮನೆ ಕೂತೆ.