ಹೊಟ್ಟೆಯಲ್ಲಿದ್ದ ಕರುವಿನ ಪಾಲು

ಪಕ್ಕದ ಮನೆಯ ಅತ್ತೆಯ ಬಲಗೈ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಯಾರ ಮನೆಯ ಹಾಲು ಕಂಡರೂ ಆ ಬೆರಳನ್ನು ಅದ್ದಿ, ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚುತ್ತಿದ್ದರು. ಆ ಗಳಿಗೆ ಅವರು ಎಲ್ಲೋ ದೂರ ಹೋಗಿಬಿಟ್ಟಂತೆ ಕಾಣುತ್ತಿತ್ತು. ನೆಂಟರೇನಲ್ಲ, ಕುರಿ ಸಾಕುವ ಮನೆಯವರು. ಆದಿವಾಲ ಹಳ್ಳಿಗೆ ಸೊಸೆಯಾಗಿ ಬಂದ ದಿನದಿಂದ ನಾನು ಅವರನ್ನು ಅತ್ತೆ ಅಂತಲೇ ಕರೆದೆ.

ಎಪ್ಪತ್ತರ ದಶಕದ ಮಾತು. ನನ್ನ ಮಗನಿಗೆ ಎಂಟು ತಿಂಗಳಾಗುವಷ್ಟರಲ್ಲಿ ನನ್ನ ಎದೆಹಾಲು ನಿಂತುಹೋಯಿತು. ಆಮೇಲೆ ನಮ್ಮ ಕೆಂದ ಹಸುವೇ ಅವನಿಗೆ ತಾಯಿ. ಅದು ಗಬ್ಬವಾಗಿ ಏಳು ತಿಂಗಳು ಕಳೆದಿದ್ದರೂ ಎರಡು ಹೊತ್ತೂ ಹಿಂಡುತ್ತಿದ್ದೆ. ಹಾಲು ದಿನೇ ದಿನೇ ಕಡಿಮೆಯಾಯಿತು, ಮಂದವಾಯಿತು, ರುಚಿ ಉಪ್ಪುಪ್ಪಾಯಿತು. ಮಗು ಉಗುಳತೊಡಗಿತು. ನಮ್ಮ ಬಾವಿಯದು ಸವಳು ನೀರು, ತಪ್ಪೆಲ್ಲ ಅದರದೇ ಅಂದುಕೊಂಡೆ. ದಡ್ಡಿ ನಾನು, ಹದಿನೈದು ದಿನ ಕಾಲುವೆಯಿಂದ ಸಿಹಿನೀರು ಹೊತ್ತು ತಂದು ಹಸುವಿಗೆ ಕುಡಿಸಿದೆ!

ಒಂದು ಬೆಳಿಗ್ಗೆ, ತೆಂಗಿನ ಮರಗಳೆಲ್ಲ ಮಂಜಿನಲ್ಲಿ ಕರಗಿಹೋಗಿದ್ದಾಗ, ಅತ್ತೆ ಬಂದು ನನ್ನ ಚೊಂಬಿಗೆ ಬೆರಳು ಅದ್ದಿದರು. ಕಣ್ಣು ಬಿಡಲು ಬಹಳ ಹೊತ್ತಾಯಿತು.

"ಇದು ಬಾವಿ ಉಪ್ಪಲ್ಲ ಕಣವ್ವ. ಹೊಟ್ಟೇಲಿರೋ ಕರು ತನ್ನ ಪಾಲು ಕೇಳ್ತೈತೆ. ಹಿಂಗೇ ಹಿಂಡ್ತಾ ಹೋದ್ರೆ ಈದಾಗ ಗಿಣ್ಣು ನೀರಾಗ್ತೈತೆ, ಕರುಗೆ ಕಸುವು ಬರಲ್ಲ. ಹಿಂಡೋದು ಬಿಡು, ಬತ್ತಿಸು."

"ಹಂಗಾದ್ರೆ ನನ್ನ ಮಗ ಏನ್ ಕುಡೀಬೇಕು?" ಎಂದು ರೇಗಿದೆ. ರೇಗುತ್ತಲೇ ಅಳು ಬಂತು.

"ಸುಮ್ಕಿರು, ಅಳಬ್ಯಾಡ. ನಮ್ಮ ಹಸ ಇಲ್ವೇನು?"

ಮರುದಿನದಿಂದ ಎರಡು ತಿಂಗಳು, ನಾನಿನ್ನೂ ನಿದ್ದೆಗಣ್ಣಲ್ಲಿರುವಾಗಲೇ ಬೇಲಿಯಾಚೆ ಅವರ ಬಳೆ ಸದ್ದು ಕೇಳುತ್ತಿತ್ತು. ಸೆರಗಿನಡಿಯಲ್ಲಿ ನೊರೆಹಾಲಿನ ಚೊಂಬು. "ನಿಮ್ಮನೇಗೆ ಬ್ಯಾಡ್ವಾ ಅತ್ತೆ?" ಎಂದರೆ, "ನಮ್ಮಲ್ಲಿ ಚೆಲ್ಲಾಡೋವಷ್ಟೈತೆ" ಎಂದು ನಗುತ್ತಿದ್ದರು. ನಾನು ನಂಬಿಬಿಟ್ಟೆ.

ಹಸು ಈದಿತು. ಗಿಣ್ಣು ಅರಿಸಿನದ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಕರು ತಡವರಿಸದೆ ಎದ್ದು ಕೆಚ್ಚಲಿಗೆ ಬಾಯಿ ಹಾಕಿತು. ಅತ್ತೆ ಹಟ್ಟಿಯ ಕಂಬಕ್ಕೆ ಒರಗಿ ಅದನ್ನೇ ನೋಡುತ್ತಾ ಕೂತರು.

ವರ್ಷಗಳು ಎಷ್ಟೋ ಸಂದವು. ಅತ್ತೆ ತೀರಿಕೊಂಡರು. ಹನ್ನೊಂದನೆಯ ದಿನದ ಊಟದಲ್ಲಿ ಬಡಿಸುತ್ತಿದ್ದ ಅವರ ಸೊಸೆ ನನ್ನ ಎಲೆಯ ಮುಂದೆ ಬಗ್ಗಿದಳು.

"ಅಕ್ಕ, ನಿಮ್ಮ ಹುಡುಗ ಕೂಸಾಗಿದ್ದಾಗ ನಮ್ಮ ಹಸ ಬೆಳಿಗ್ಗೆ ಕೊಡ್ತಿದ್ದುದೇ ಒಂದು ಚೊಂಬು. ಸಂಜೇದು ಕರುಗೇ ಸಾಲ್ತಿರಲಿಲ್ಲ. 'ಹಸ ಒದೀತೈತೆ, ಹಾಲು ಬಿಡ್ತಿಲ್ಲ' ಅಂತ ಅತ್ತೆ ಮಾವಂಗೆ ಸುಳ್ಳು ಹೇಳಿದ್ರು. ಎರಡು ತಿಂಗಳು ಮನೇಲಿ ಯಾರೂ ಮಜ್ಜಿಗೆ ಕಾಣ್ಲಿಲ್ಲ."

ಎತ್ತಿದ ತುತ್ತನ್ನು ಎಲೆಗೇ ಇಳಿಸಿದೆ. ಪಕ್ಕದಲ್ಲಿ ಕೂತಿದ್ದ ನನ್ನ ಮಗ, ಆಳೆತ್ತರದ ಗಂಡಸು, ಇದೇನನ್ನೂ ಕೇಳಿಸಿಕೊಳ್ಳದೆ, ಇನ್ನೊಂದು ಸಲ ಮಜ್ಜಿಗೆಗೆ ಬೊಗಸೆ ಒಡ್ಡಿದ. ಅವಳು ತುಂಬ ಹೊಯ್ದಳು.