ಹುಣಸೆಹಣ್ಣಿನಲ್ಲಿ ತೊಳೆದ ನಾಣ್ಯ

ಕೋವಿಡ್ ಮುಗಿದ ಮರುವರ್ಷ ನಾನು ಸ್ಯಾನ್ ಹೊಸೆಯ ಒಂದು ನಾಣ್ಯದ ಅಂಗಡಿಯಲ್ಲಿ ಗ್ರೇಡರ್ ಆಗಿದ್ದೆ. ಹಳೆಯ ನಾಣ್ಯದ ಸ್ಥಿತಿ ನೋಡಿ ದರ್ಜೆ ನಿರ್ಧರಿಸುವುದು, ಅಂಗಡಿ ಎಷ್ಟು ಕೊಡಬಹುದೆಂದು ಹೇಳುವುದು ನನ್ನ ಕೆಲಸ. ಚಿನ್ನದ ತೂಕಕ್ಕೆ ಯಾರು ಬೇಕಾದರೂ ಬೆಲೆ ಕಟ್ಟುತ್ತಾರೆ. ಸಂಗ್ರಾಹಕರು ದುಡ್ಡು ಸುರಿಯುವುದು ನಾಣ್ಯ ಎಷ್ಟು ಅಪರೂಪ, ಅದರ ಮೈ ಎಷ್ಟು ಮೊದಲಿನಂತೆ ಉಳಿದಿದೆ ಎಂಬುದಕ್ಕೆ.

ಒಂದು ದಿನ ಸುಜಾತಾ ಫೋನ್ ಮಾಡಿದರು. ಮಂಡ್ಯ ಕಡೆಯವರು, ಕನ್ನಡಿಗರ ಹಬ್ಬಗಳಲ್ಲಿ ಪರಿಚಯ. ಸಾಂಟಾ ಕ್ಲಾರಾದ ಡೇಕೇರ್ ಒಂದರಲ್ಲಿ ಹನ್ನೊಂದು ವರ್ಷ ಮಕ್ಕಳನ್ನು ನೋಡಿಕೊಂಡಿದ್ದರು. ಅದರ ಒಡತಿ ಡೇಕೇರ್ ಮಾರಲು ಹೊರಟಿದ್ದಳು. ಕೊಳ್ಳುವ ಮೊದಲ ಅವಕಾಶ ಸುಜಾತಾಗೆ, ಗಡುವು ಒಂದು ತಿಂಗಳು. ತೀರಿಹೋದ ಗಂಡ ಹವ್ಯಾಸಕ್ಕೆಂದು ಕೊಂಡಿಟ್ಟಿದ್ದ ಇಪ್ಪತ್ತು ಡಾಲರಿನ ಒಂದು ಚಿನ್ನದ ನಾಣ್ಯವೇ ಅವರಿಗಿದ್ದ ಆಸರೆ.

ಫೋಟೊ ಕಳಿಸಿದರು. ನಾಣ್ಯದ ಹಿಂಬದಿಯಲ್ಲಿ ಹದ್ದಿನ ಚಿತ್ರ, ಅದರ ಕೆಳಗೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ 'ಎಸ್' ಅಕ್ಷರ, ತೀರಾ ಕಡಿಮೆ ಟಂಕಿಸಿದ ಇಸವಿ. ಕರಗಿಸಿದರೆ ಬರುವ ಬೆಲೆಯ ಹತ್ತು ಪಟ್ಟಾದರೂ ಸಿಗುವ ನಾಣ್ಯ ಅದು.

"ಗಲೀಜಾಗಿದೆ ಅಣ್ಣ, ಮಬ್ಬಾಗ್ಬಿಟ್ಟಿದೆ. ಹಂಗೇ ತಂದ್ರೆ ನಡೀತದಾ?"

"ಪರವಾಗಿಲ್ಲ, ತನ್ನಿ," ಎಂದೆ.

ತೊಳೆಯಬೇಡಿ ಎನ್ನಲಿಲ್ಲ. ಮರೆತದ್ದಲ್ಲ. ಹಾಗೆ ಹೇಳಿದರೆ ಮಾರುವವರಿಗೆ ನಾಣ್ಯದ ಯೋಗ್ಯತೆ ಗೊತ್ತಾಗಿ ಇನ್ನೂ ನಾಲ್ಕು ಅಂಗಡಿ ಸುತ್ತುತ್ತಾರೆ. ಕೌಂಟರಿಗೆ ಬರುವವರೆಗೆ ಬಾಯಿ ಬಿಡಬಾರದೆಂಬುದು ನಮ್ಮ ಮಾಲೀಕರ ಕಟ್ಟಪ್ಪಣೆ. ನಾನು ಅದನ್ನು ಜಾಣತನವೆಂದೇ ಪಾಲಿಸುತ್ತಿದ್ದೆ.

ಶನಿವಾರ ಬಂದರು. ಪರವಾಗಿಲ್ಲ ಎಂದ ಮಾತ್ರಕ್ಕೆ ನಮ್ಮ ಹೆಂಗಸರು ಮನೆಯ ಲಕ್ಷ್ಮಿಯನ್ನು ಕೊಳಕಾಗಿ ಹೊರಗೆ ಕಳಿಸುತ್ತಾರೆಯೇ? ಹುಣಸೆಹಣ್ಣು ಹಚ್ಚಿ, ಹಳೆಯ ಬ್ರಷ್ಷಿನಲ್ಲಿ ತಿಕ್ಕಿ, ಅರಿಶಿನ ಕುಂಕುಮ ಇಟ್ಟು ತಂದಿದ್ದರು. ನಾಣ್ಯ ಫಳಫಳ ಹೊಳೆಯುತ್ತಿತ್ತು. ದೀಪದ ಕೆಳಗೆ ವಾಲಿಸಿ ನೋಡಿದೆ. ಮೈತುಂಬ ಕೂದಲೆಳೆಯಂಥ ಗೀರುಗಳು. ಉಜ್ಜಿದ ನಾಣ್ಯಕ್ಕೆ ದರ್ಜೆ ಕೊಡುವುದಿಲ್ಲ. ಇನ್ನು ಚಿನ್ನದ ಬೆಲೆ, ಅದರ ಮೇಲೆ ಒಂದಿಷ್ಟು, ಅಷ್ಟೇ.

ಹಾಗೆಂದು ಹೇಳಿದೆ.

"ನಂದೇ ತಪ್ಪು ಅಣ್ಣ. ನೀವು ಹಂಗೇ ತನ್ನಿ ಅಂದಿದ್ರಿ. ನಾನೇ ಕೈ ಸುಮ್ನಿಟ್ಕೊಳ್ದೆ ತೊಳ್ದೆ."

ನಾನು ತಕ್ಕಡಿ ಎಳೆದುಕೊಂಡು ನಾಣ್ಯ ತೂಗಿದೆ.

ಡೇಕೇರ್ ಬೇರೆಯವರ ಪಾಲಾಯಿತು. ಹೊಸಬರು ತಮ್ಮವರನ್ನೇ ಕರೆತಂದರು. ಸುಜಾತಾ ಈಗ ಎಲ್ ಕಮೀನೋ ರಸ್ತೆಯ ಇಂಡಿಯನ್ ಗ್ರೋಸರಿಯಲ್ಲಿ ತರಕಾರಿ ಜೋಡಿಸುತ್ತಾರೆ.

ನಾನು ನಿವೃತ್ತನಾದೆ. ಕೆಲಸದಲ್ಲಿದ್ದಷ್ಟು ದಿನ, ಆ ಘಟನೆಯ ನಂತರ ಯಾರು ಫೋನ್ ಮಾಡಿದರೂ, ಹೆಸರು ಕೇಳುವ ಮೊದಲೇ ತೊಳೆಯಬೇಡಿ ಎನ್ನುತ್ತಿದ್ದೆ. ಮಾಲೀಕರ ಬೈಗುಳವನ್ನೂ ತಿಂದೆ. ಸುಳ್ಳು ಹೇಳದೆಯೂ ಒಬ್ಬರ ಬದುಕು ಕೆಡಿಸಬಹುದು ಎಂದು ಆ ಕೆಲಸ ನನಗೆ ಕಲಿಸಿತು. ಗ್ರೋಸರಿಗೆ ಹೋದಾಗಲೆಲ್ಲ ಸುಜಾತಾ "ಚೆನ್ನಾಗಿದೀರಾ ಅಣ್ಣ?" ಎಂದು ಕೇಳಿ, ಎಳೆ ಬೆಂಡೆಕಾಯಿ ಆರಿಸಿ ಕೊಡುತ್ತಾರೆ. ತಪ್ಪು ತಮ್ಮದೆಂದೇ ಅವರು ಇವತ್ತಿಗೂ ನಂಬಿದ್ದಾರೆ. ನಾನು ಇನ್ನೂ ಹೇಳಿಲ್ಲ.