ಪೊರ್ಬುಗಳು ಬರೆದಿಟ್ಟ ಮನೆ

ಅವರ ಹಣೆಯ ಮೇಲೆ ಅಡ್ಡಕ್ಕೆ ಒಂದು ಗೆರೆ ಇತ್ತು. ಗೆರೆಯ ಕೆಳಗೆ ದೋಹಾದ ಬಿಸಿಲಿಗೆ ಸುಟ್ಟು ಕಪ್ಪಾದ ಮುಖ, ಮೇಲೆ ಬಿಸಿಲನ್ನೇ ಕಾಣದ ಬೆಳ್ಳನೆಯ ಬೋಳು ತಲೆ. ಇಬ್ಬರು ಬೇರೆ ಬೇರೆ ಮನುಷ್ಯರನ್ನು ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು. ವರ್ಷಗಟ್ಟಲೆ ಹೆಲ್ಮೆಟ್ ಹಾಕಿ ಹಾಕಿ ಬಿದ್ದ ಗೆರೆ ಅದು. ನನ್ನ ಮಗ ಚಿಕ್ಕವನಿದ್ದಾಗ ಅದನ್ನು ಉಜ್ಜಿದರೆ ಹೋಗುತ್ತದೆಯೇ ಎಂದು ನೋಡಲು ಹೋಗಿದ್ದ. ಅವರು ತಲೆ ಬಗ್ಗಿಸಿ, ಕಣ್ಣು ಮುಚ್ಚಿ, ಉಜ್ಜಲು ಬಿಟ್ಟಿದ್ದರು.

ದೋಹಾದ ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ನಮ್ಮದು ಎರಡನೇ ಮಹಡಿ, ಅವರದು ಮೂರನೆಯದು. ಉಡುಪಿ ಕಡೆಯ ಕೆಥೋಲಿಕರು, ಮದುವೆಯಾಗಿರಲಿಲ್ಲ. ನಾವು ತುಳುವರು ಕ್ರಿಶ್ಚಿಯನ್ ಗಂಡಸರನ್ನು ಪೊರ್ಬುಗಳು ಎಂದೇ ಕರೆಯುವುದು, ಒಬ್ಬರೇ ಇದ್ದರೂ ಗೌರವಕ್ಕೆ. ಅವರ ನಿಜವಾದ ಹೆಸರು ನನಗೆ ಗೊತ್ತಾಗಲು ಎಷ್ಟೋ ಕಾಲ ಬೇಕಾಯಿತು. ಕಟ್ಟಡ ಕಟ್ಟುವ ಕಂಪನಿಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದರು. ಕೆಲಸ ಮುಗಿಸಿ ಬಂದ ಮೇಲೂ ಆ ಕೆಲಸ ಮುಗಿಯುತ್ತಿರಲಿಲ್ಲ ಎಂಬುದೇ ನಮ್ಮ ಫಜೀತಿ.

ನಮ್ಮ ಮನೆಗೆ ಬಂದರೆ ಮೊದಲು ನೇರ ಅಡುಗೆಮನೆಗೆ ಹೋಗಿ ಗ್ಯಾಸಿನ ಪೈಪು ಹಿಸುಕಿ ನೋಡಬೇಕು. ಆಮೇಲೆ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು. ಆಮೇಲೆ ಕುರ್ಚಿಯ ಕಾಲು ಅಲ್ಲಾಡಿಸಿ ನೋಡುವುದು. "ಹೊರಗೆ ಹೋಗುವ ದಾರಿ ಯಾವುದು ಅಂತ ಮೊದಲು ನೋಡ್ಬೇಕು ಅಕ್ಕ, ಕೂತುಕೊಳ್ಳುವುದು ಮತ್ತೆ," ಎನ್ನುತ್ತಿದ್ದರು. ನನ್ನ ಮಗನ ಹುಟ್ಟುಹಬ್ಬಕ್ಕೆ ಕೇಕಿನ ಮೇಲೆ ಮೇಣದಬತ್ತಿ ಹಚ್ಚಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಇವರೊಬ್ಬರು ಒದ್ದೆ ಟವಲ್ ಹಿಡಿದುಕೊಂಡು ನಿಂತಿದ್ದರು. ನನಗೆ ಕೆಲವೊಮ್ಮೆ ಸಿಟ್ಟೇ ಬರುತ್ತಿತ್ತು. ಆದರೆ ಅವರು ರಜೆಗೆ ಊರಿಗೆ ಹೋದರೆ ಗ್ಯಾಸ್ ಹಚ್ಚಲು ನನಗೆ ಹೆದರಿಕೆಯಾಗುತ್ತಿತ್ತು ಎಂಬುದೂ ನಿಜ.

ಇಂಥವರು ವಿಲ್ ಬರೆಯದೆ ಇರುತ್ತಾರೆಯೇ? ಒಂದು ಶುಕ್ರವಾರ, ಅಲ್ಲಿ ವಾರದ ರಜೆ ಅಂದೇ, ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವರು ಊರಿನ ವಕೀಲರು ಕಳಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಊರಲ್ಲಿ ಅವರು ಗಲ್ಫಿನ ದುಡಿಮೆಯಲ್ಲಿ ಕಟ್ಟಿಸಿದ ತಾರಸಿ ಮನೆಯೊಂದಿತ್ತು. ತಮ್ಮ ಕಾಲದ ನಂತರ ಅದು ಕಾನ್ವೆಂಟಿನ ಸಿಸ್ಟರುಗಳ ಸೇವಾಶ್ರಮಕ್ಕೆ ಹೋಗಬೇಕೆಂದು ಬರೆಸಿದ್ದರು. ಯಾರೂ ಇಲ್ಲದ, ಹಾಸಿಗೆ ಹಿಡಿದ ಮುದುಕಿಯರನ್ನು ನೋಡಿಕೊಳ್ಳುವ ಸಿಸ್ಟರುಗಳು ಅವರು.

"ಅಮ್ಮ ಮಲಗಿದಲ್ಲೇ ಆದಾಗ ದಿನಾ ಬಂದು ಅವರ ತಲೆ ಬಾಚಿದ್ದು ಆ ಸಿಸ್ಟರುಗಳು. ನಾನು ಇಲ್ಲಿ ಊರವರ ತಲೆಗೆಲ್ಲ ಹೆಲ್ಮೆಟ್ ಹಾಕಿಸ್ತಾ ಇದ್ದೆ," ಎಂದರು. ಹೇಳಿ ನಕ್ಕರು. ನಮಗೆ ನಗು ಬರಲಿಲ್ಲ.

ವಿಲ್ಲಿಗೆ ಇಬ್ಬರು ಸಾಕ್ಷಿ ಬೇಕಿತ್ತು. ಪೊರ್ಬುಗಳು ನನ್ನ ಗಂಡನ ಮುಂದೆ ಪೆನ್ನು ಹಿಡಿದಾಗ ಇವರು ಹಾವು ಕಂಡವರಂತೆ ಹಿಂದೆ ಸರಿದರು. "ಬಿಡ್ತು ಅನ್ನಿ ಪೊರ್ಬುಗಳೇ. ಕಲ್ಲುಗುಂಡಿನ ಹಾಗೆ ಇದ್ದೀರಿ. ನಿಮ್ಮ ಸಾವಿಗೆ ನಾನು ಸೈನು ಹಾಕುವುದಾ?"

"ಸಾವಿಗಲ್ಲ ಮಾರಾಯ್ರೆ, ಕಾಗದಕ್ಕೆ."

"ಎರಡೂ ಒಂದೇ," ಎಂದು ಇವರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಕೊನೆಗೆ ಸೈನು ಹಾಕಿದವಳು ನಾನು. ಇನ್ನೊಬ್ಬರು ಕೆಳಗೆ ದಿನಸಿ ಅಂಗಡಿ ಇಟ್ಟಿದ್ದ, ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿ ಕಾಕ. ಕಾಕ ಕನ್ನಡಕ ಹುಡುಕಿ, ಕಾಗದವನ್ನು ಮೇಲಿಂದ ಕೆಳಗೆ ಓದಿ, "ಒಳ್ಳೆಯ ಕೆಲಸ ಪೊರ್ಬುಗಳೇ, ಖಲಾಸ್," ಎಂದು ಸೈನು ಹಾಕಿ, ಗಿರಾಕಿಗೆ ಮೊಟ್ಟೆ ಕೊಡಲು ಹೋದರು.

ಅಲ್ಲಿಗೆ ಮುಗಿಯಬೇಕಿತ್ತು. ಒಂದು ಮಾತ್ರ ಬಾಕಿ ಇತ್ತು, ಊರಲ್ಲಿರುವ ಅಕ್ಕನಿಗೆ ಹೇಳುವುದು. ಅಪ್ಪ ಬೇಗ ಹೋದ ಮೇಲೆ ತಮ್ಮನನ್ನು ಎತ್ತಿ ಬೆಳೆಸಿದವರು ಆ ಅಕ್ಕ. ಅವರಿಗೊಬ್ಬ ಮಗನಿದ್ದ, ಮನೆ ಅವನಿಗೇ ಎಂದು ಊರೆಲ್ಲ ನಂಬಿತ್ತು. ದೊಡ್ಡ ದೊಡ್ಡ ಕಂಟ್ರಾಕ್ಟರುಗಳನ್ನು ಬೈದು ಕೆಲಸ ನಿಲ್ಲಿಸುತ್ತಿದ್ದ ಈ ಮನುಷ್ಯ ಅಕ್ಕನ ಫೋನು ಬಂದರೆ ಎದ್ದು ನಿಂತು ಮಾತಾಡುತ್ತಿದ್ದರು. "ಮುಂದಿನ ರಜೆಯಲ್ಲಿ ಹೋಗಿ ಎದುರಿಗೇ ಹೇಳ್ತೇನೆ. ಅಕ್ಕ ಬೇಜಾರು ಮಾಡಿದ್ರೆ ನನಗೆ ಮತ್ತೆ ಯಾರುಂಟು?" ಎಂದರು.

ಆದರೆ ಆ ವಾರ ಅವರು ಒಂದು ತಪ್ಪು ಮಾಡಿದರು. ಅಲ್ ಹಿಲಾಲಿನ ಒಂದು ಮನೆಯಲ್ಲಿ ಅವರ ಪ್ರಾರ್ಥನಾ ಕೂಟ ಸೇರುತ್ತಿತ್ತು. ಅಲ್ಲಿ ಎದ್ದು ನಿಂತು, "ನಾನು ವಿಲ್ ಬರೆದಿದ್ದೇನೆ, ಎಲ್ಲರೂ ಪ್ರಾರ್ಥನೆ ಮಾಡಿ," ಎಂದುಬಿಟ್ಟರು. ನಮ್ಮವರಲ್ಲಿ ಆರೋಗ್ಯವಾಗಿರುವವರು ಯಾರಾದರೂ ವಿಲ್ ಬರೆದದ್ದುಂಟೆ? ಎರಡು ದಿನ ಕಳೆಯುವುದರೊಳಗೆ ಪೊರ್ಬುಗಳಿಗೆ ಕ್ಯಾನ್ಸರ್ ಎಂದು ಪೇಟೆಯಾಚೆಯ ಇಂಡಸ್ಟ್ರಿಯಲ್ ಏರಿಯಾದವರೆಗೂ ಸುದ್ದಿಯಾಯಿತು.

ಜನ ಬರತೊಡಗಿದರು. ರೋಗಿಯನ್ನು ನೋಡಲು ಬರಿಗೈಯಲ್ಲಿ ಬರುವ ಕ್ರಮ ನಮ್ಮಲ್ಲಿಲ್ಲವಲ್ಲ; ಆಪಲ್, ದ್ರಾಕ್ಷಿ, ಬ್ರೆಡ್ಡು. ಪ್ರಾರ್ಥನಾ ಕೂಟದ ಹೆಂಗಸರು, ನಮ್ಮ ಮಾತಲ್ಲಿ ಬಾಯಮ್ಮಂದಿರು, ಜಪಮಾಲೆ ಹಿಡಿದು ಬಂದರೆ ರೋಗಿಯೇ ಮನೆಯಲ್ಲಿಲ್ಲ. ಮೆಟ್ಟಿಲ ಮೇಲೆ ಕೂತು ಕಾದರು. ಆಗ ರೋಗಿ ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು, ಬೆನ್ನು ನೇರ ಇಟ್ಟು, ಕ್ರಮಪ್ರಕಾರ ಮೂರನೇ ಮಹಡಿಗೆ ಹತ್ತಿ ಬಂದರು. ಒಬ್ಬ ಬಾಯಮ್ಮ ಸೆರಗು ಬಾಯಿಗಿಟ್ಟು, "ಈ ಸ್ಥಿತಿಯಲ್ಲೂ ಎಷ್ಟು ಧೈರ್ಯ ನೋಡಿ," ಎಂದು ಅತ್ತರು.

"ನನಗೆ ಎಂತದ್ದೂ ಆಗ್ಲಿಲ್ಲ," ಎಂದು ಅವರು ಹೇಳಿದಷ್ಟೂ ಜನರಿಗೆ ರೋಗ ಬಲಿತಿದೆ ಎಂದು ಖಾತ್ರಿಯಾಗುತ್ತಿತ್ತು. ಬಂದ ಆಪಲೆಲ್ಲ ನಮ್ಮ ಮನೆಗೆ ಇಳಿಯಿತು. ನಾನು ಹಲ್ವ ಮಾಡಿದೆ, ತೆಂಗಿನಕಾಯಿ ಅರೆದು ಸಾಸಿವೆ ಮಾಡಿದೆ, ಉಪ್ಪಿನಕಾಯಿಯನ್ನೂ ಹಾಕಿದೆ. ಇವರು ತಟ್ಟೆ ನೋಡಿ, "ಪೊರ್ಬುಗಳು ಬೇಗ ಗುಣ ಆಗಲಿ ದೇವರೇ," ಎಂದು ಕೈಮುಗಿದರು.

ಸುದ್ದಿ ಊರು ಮುಟ್ಟದಿರುತ್ತದೆಯೇ? ಪೊರ್ಬುಗಳು ನಮ್ಮಲ್ಲಿ ಊಟಕ್ಕೆ ಕೂತಿದ್ದಾಗ ಮೊಬೈಲು ಹೊಡೆದುಕೊಂಡಿತು. ಎಂಜಲು ಕೈಯಲ್ಲೇ ಎದ್ದು ನಿಂತರು. ಕೊಂಕಣಿ ನನಗೆ ಆಡಲು ಬಾರದಿದ್ದರೂ ಕೇಳಿದರೆ ತಿಳಿಯುತ್ತದೆ. ಅಕ್ಕ ಜೋರಾಗಿ ಅಳುತ್ತಿದ್ದರು.

"ಅಕ್ಕ, ನನಗೆ ರೋಗ ಇಲ್ಲ. ದೇವರಾಣೆ ಇಲ್ಲ."

"ಮತ್ತೆ ವಿಲ್ ಎಂತಕ್ಕೆ ಬರೆದೆ?"

ಪೊರ್ಬುಗಳು ಇದ್ದದ್ದನ್ನು ಇದ್ದಂತೆ ಹೇಳಿದರು. ಆ ಕಡೆ ಅಳು ಗಪ್ಪನೆ ನಿಂತಿತು, ಫೋನು ಕಟ್ ಆಯಿತು.

ಆಮೇಲೆ ಅಕ್ಕ ಫೋನು ಎತ್ತಲಿಲ್ಲ. ವಾರಗಳು ಕಳೆದವು, ಎತ್ತಲಿಲ್ಲ. ಪೊರ್ಬುಗಳು ನಿಜಕ್ಕೂ ಇಳಿದುಹೋದರು. ನಮ್ಮಲ್ಲಿಗೆ ಬಂದರೆ ಸೀದಾ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಗ್ಯಾಸ್ ಪೈಪಿನ ಸುದ್ದಿಯೇ ಇಲ್ಲ. ಒಂದು ದಿನ ವಿಲ್ಲನ್ನು ತಂದು, "ಹರಿದು ಹಾಕುವಾ ಅಂತ ಕಾಣ್ತದೆ," ಎಂದರು. ನಾನು ಸುಮ್ಮನಿರುವವಳಲ್ಲ. "ಸಾಕ್ಷಿ ಹಾಕಿದವಳು ನಾನು. ನನ್ನೆದುರು ಹರಿದರೆ ನೋಡಿ. ಯಲ್ಲಾ, ಹೊರಡಿ, ರಜೆ ಹಾಕಿ ಊರಿಗೆ ಹೋಗಿ, ಅಕ್ಕನ ಕಾಲು ಹಿಡಿಯಿರಿ," ಎಂದೆ.

ಹೋದರು. ತಿರುಗಿ ಬಂದವರ ಮುಖದಲ್ಲಿ ಗೆರೆಯ ಮೇಲೂ ಕೆಳಗೂ ನಗು. ನೇರ ಅಡುಗೆಮನೆಗೆ ಹೋಗಿ ಪೈಪು ಹಿಸುಕಿ ಬಂದು ಕಥೆ ಹೇಳಿದರು. ಪೊರ್ಬುಗಳು ಊರು ಮುಟ್ಟುವ ಮೊದಲೇ ಅಕ್ಕ ಸೇವಾಶ್ರಮಕ್ಕೆ ಜಗಳಕ್ಕೆಂದು ಹೋಗಿದ್ದರಂತೆ. ಸಿಸ್ಟರುಗಳು ಊಟದ ಹೊತ್ತಾಯಿತು, ಕೂತುಕೊಳ್ಳಿ ಎಂದು ಗಂಜಿ, ಮೀನುಸಾರು ಬಡಿಸಿದ್ದಾರೆ. ಬಾಯಿಗಿಟ್ಟ ಅಕ್ಕ ಜಗಳವನ್ನೇ ಮರೆತು, "ಹುಣಸೆಹುಳಿ ಹೀಗೆ ಹಾಕುವುದಾ? ಪಾಪದ ಮುದುಕಿಯರಿಗೆ ಇದನ್ನಾ ಕೊಡುವುದು?" ಎಂದು ಸೌಟು ಕಿತ್ತುಕೊಂಡಿದ್ದಾರೆ. ಪೊರ್ಬುಗಳು ಹೋಗಿ ನೋಡುವಾಗ ಅಕ್ಕ ಆ ಅಡುಗೆಮನೆಯ ಯಜಮಾನಿ, ಸಿಸ್ಟರುಗಳು ಈರುಳ್ಳಿ ಸುಲಿಯುತ್ತಿದ್ದರು.

"ಮನೆ ಕೊಟ್ಟದ್ದಕ್ಕೆ ಸಿಟ್ಟಿಲ್ಲವಂತೆ. ದೋಹಾದವರಿಗೆಲ್ಲ ಹೇಳಿ ತನಗೆ ಹೇಳ್ಲಿಲ್ಲ ಅಂತ ಸಿಟ್ಟು. ಒಪ್ಪಿದ್ದಾರೆ. ಒಂದು ಷರತ್ತು ಹಾಕಿದ್ದಾರೆ."

"ಎಂತ ಷರತ್ತು?"

"ನಾನು ಅವರಿಗಿಂತ ಮೊದಲು ಸಾಯ್ಲಿಕ್ಕಿಲ್ಲ."

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪೊರ್ಬುಗಳು ಮಾತ್ರ ಅದನ್ನು ಗಂಭೀರವಾಗಿ ತೆಗೆದುಕೊಂಡು ಬೆಳಿಗ್ಗೆ ಕಾರ್ನಿಷ್ ಕಡಲ ಬದಿಯಲ್ಲಿ ನಡೆಯತೊಡಗಿದರು, ಕರಿದದ್ದು ಬಿಟ್ಟರು, ಚಹಾಕ್ಕೆ ಸಕ್ಕರೆ ಬಿಟ್ಟರು.

ಮೂರು ವರ್ಷದ ನಂತರ ಒಂದು ಬೆಳಿಗ್ಗೆ ಮೇಲಿನ ಮನೆಯ ಅಲಾರಂ ಹೊಡೆದುಕೊಳ್ಳುತ್ತಲೇ ಇತ್ತು. ನಿದ್ದೆಯಲ್ಲೇ ಪೊರ್ಬುಗಳ ಹೃದಯ ನಿಂತಿತ್ತು. ನಮ್ಮ ಇವರು ಕಂಪನಿಯವರ ಜೊತೆ ಓಡಾಡಿ ಎಲ್ಲ ಕಾಗದ ಮಾಡಿಸಿ ದೇಹವನ್ನು ಊರಿಗೆ ಕಳಿಸಿಕೊಟ್ಟರು. ಆ ದಿನಗಳಲ್ಲಿ ಇವರು ಎಷ್ಟು ಸೈನು ಹಾಕಿದರೋ, ಒಮ್ಮೆಯೂ ಕೈ ಹಿಂದೆ ತೆಗೆಯಲಿಲ್ಲ.

ಆ ಬೇಸಿಗೆಯಲ್ಲಿ ಊರಿಗೆ ಹೋದವಳು ಆ ಮನೆ ಹುಡುಕಿಕೊಂಡು ಹೋದೆ. ಮುದುಕಿಯರ ಮಂಚಗಳು ಆಗಲೇ ಬಂದಿದ್ದವು. ಒಳಗಿಂದ ಮೀನುಸಾರಿನ ಪರಿಮಳ. ಸೌಟು ಹಿಡಿದು ಬಂದ ಅಕ್ಕ ನಾನು ಯಾರೆಂದು ತಿಳಿದ ಕೂಡಲೇ ಸೌಟನ್ನು ಬದಿಗಿಟ್ಟರು. ತಮ್ಮನ ಮನೆ ಕೈ ತಪ್ಪಲು ಸಾಕ್ಷಿಯಾದವಳಲ್ಲವೇ ನಾನು. ಅವರು ನನ್ನ ಕೈಯನ್ನು ತಮ್ಮ ಒದ್ದೆ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ನೀವು ಅಲ್ಲೇ ಇದ್ರಲ್ಲ ಅಮ್ಮಾ," ಎಂದರು. "ನನ್ನ ಷರತ್ತನ್ನೂ ಆ ಕಾಗದದಲ್ಲಿ ಬರೆಸ್ಬೇಕಿತ್ತು ನೀವು. ಬರೆದದ್ದನ್ನು ಅವನು ಯಾವತ್ತೂ ಮೀರಿದವನಲ್ಲ."